ಕ್ಯಾಲಿಪರ್‌ಗೆ ಬಣ್ಣ ಬಳಿಯಿರಿ, ಆದರೆ ಎಲ್ಲಿ ಬಳಿಯಬಾರದು ಎಂಬುದನ್ನು ಮೊದಲು ತಿಳಿಯಿರಿ

ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿಯಿದು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲಾಯ್ ವೀಲ್‌ಗಳ ಸಂದಿಯಿಂದ ಕಾಣುವ ಬ್ರೇಕ್ ಕ್ಯಾಲಿಪರ್‌ಗಳು (ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಭಾಗಗಳು) ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿರುತ್ತವೆ. ನಮ್ಮ ಸಾಮಾನ್ಯ ಕಾರುಗಳ ಕ್ಯಾಲಿಪರ್ ಹೆಚ್ಚಾಗಿ ಎರಕದ ಕಬ್ಬಿಣದ್ದು. ಅದರ ಮೇಲೆ ಕಾರ್ಖಾನೆಯವರು ಕೊಟ್ಟಿರುವ ತೆಳು ಲೇಪನ ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಬಹುಕಾಲ ತಡೆಯುವುದಿಲ್ಲ. ಹೀಗಾಗಿ ಮನೆಯಂಗಳದಲ್ಲೇ ಕ್ಯಾಲಿಪರ್‌ಗೆ ಬಣ್ಣ ಬಳಿಯುವ ಹವ್ಯಾಸ ಹಬ್ಬುತ್ತಿರುವುದು ನನಗೆ ಸಂತೋಷದ ವಿಷಯವೇ. ನಾನೂ ಈ ಕೆಲಸ ಮಾಡುತ್ತೇನೆ, ಬೇರೆಯವರಿಗೂ ಮಾಡಿ ಎನ್ನುತ್ತೇನೆ. ನನ್ನ ತಕರಾರು ಇರುವುದು ಎಲ್ಲಿ ಬಳಿಯಬೇಕೆಂದು ಮಾತ್ರ ತೋರಿಸಿ, ಎಲ್ಲಿ ಬಳಿಯಲೇಬಾರದು ಎಂಬುದನ್ನು ಬಿಟ್ಟುಬಿಡುವ ಅರ್ಧ ಗಂಟೆಯ ವಿಡಿಯೊಗಳ ಬಗ್ಗೆ.

ಕೆಂಪು ಬಣ್ಣದ ಮೋಹ ಎಲ್ಲಿಂದ ಬಂತೆಂಬುದು ಎಲ್ಲರಿಗೂ ತಿಳಿದಿದೆ. 1961ರಲ್ಲಿ ಇಟಲಿಯ ಬೆರ್ಗಾಮೊ ಬಳಿ ಶುರುವಾದ ಬ್ರೆಂಬೊ ಕಂಪನಿಯ ಕೆಂಪು ಕ್ಯಾಲಿಪರ್‌ಗಳು ವೇಗದ ಕಾರುಗಳ ಗುರುತಾಗಿಬಿಟ್ಟಿವೆ. ಪೋರ್ಷೆಯಂಥವರು ಇನ್ನೂ ಮುಂದೆ ಹೋಗಿ, ಸೆರಾಮಿಕ್ ಬ್ರೇಕ್‌ಗೆ ಹಳದಿ, ಹೈಬ್ರಿಡ್ ಕಾರುಗಳಿಗೆ ಎಳೆಹಸಿರು ಎಂದು ಬಣ್ಣದಲ್ಲೇ ಬ್ರೇಕಿನ ಜಾತಿಯನ್ನು ತಿಳಿಸುತ್ತಾರೆ. ನಮ್ಮ ಕಾರಿಗೆ ಅದೇ ಬಣ್ಣ ಬಳಿದರೆ ಬ್ರೇಕ್ ಒಂದಿಷ್ಟೂ ಹೆಚ್ಚು ಹಿಡಿಯುವುದಿಲ್ಲ. ತುಕ್ಕು ತಡೆಯುತ್ತದೆ, ನೋಡಲು ಚೆನ್ನಾಗಿರುತ್ತದೆ. ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕು.

ಇನ್ನು ಮುಖ್ಯ ವಿಷಯ. ಬ್ರೇಕ್ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡದಿಂದ ಪಿಸ್ಟನ್ ಮುಂದೆ ಸರಿದು ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಕಾಲು ತೆಗೆದಾಗ ಅದನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಏನೂ ಇಲ್ಲ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲು ಒತ್ತಡದಲ್ಲಿ ಸ್ವಲ್ಪ ತಿರುಚಿಕೊಂಡಿದ್ದು, ಒತ್ತಡ ಇಳಿದ ಕೂಡಲೇ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಎಳೆದುಕೊಳ್ಳುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಉಳಿಯುವ ಅಂತರ ಅಷ್ಟೇ. ಪ್ಯಾಡಿನ ಎರಡು ತುದಿಗಳಲ್ಲಿರುವ ಕಿವಿಗಳು ಅವನ್ನು ಹಿಡಿದಿಡುವ ಬ್ರಾಕೆಟ್ಟಿನ ತೋಡುಗಳಲ್ಲಿ ಸಲೀಸಾಗಿ ಜಾರಿದರೆ ಮಾತ್ರ ಆ ಅಂತರ ಉಳಿಯುತ್ತದೆ. ಈಗ ಆ ತೋಡಿನೊಳಗೆ ಮೂರು ಕೋಟು ಬಣ್ಣ ಇಳಿಯಿತೆಂದು ಊಹಿಸಿ. ಮೂರು ಕೋಟು ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪವಾಗಬಹುದು, ಮತ್ತು ಪ್ಯಾಡು ಬಿಗಿಯಾಗಿ ಕೂರಲು ಅಷ್ಟು ಧಾರಾಳ ಸಾಕು. ಪೆಡಲ್ ಬಿಟ್ಟ ಮೇಲೂ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಚಕ್ರ ಬಿಸಿಯಾಗುತ್ತದೆ, ಮೈಲೇಜ್ ಕುಸಿಯುತ್ತದೆ, ಪ್ಯಾಡು ಒಂದೇ ಬದಿಯಲ್ಲಿ ಸವೆಯುತ್ತದೆ.

ನಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಆಕ್ಸೆಸರಿ ಅಂಗಡಿಯವರು ಚಕ್ರ ಬಿಚ್ಚಿದ್ದೇನೋ ನಿಜ, ಆದರೆ ಪ್ಯಾಡ್ ತೆಗೆಯದೆ, ಟೇಪ್ ಹಚ್ಚದೆ ಇಡೀ ಜೋಡಣೆಗೆ ಕೆಂಪು ಸ್ಪ್ರೇ ಹೊಡೆದಿದ್ದರು. ಪ್ಯಾಡಿನ ಕಿವಿಯೂ ಸ್ಟೀಲ್ ಕ್ಲಿಪ್ಪೂ ಬ್ರಾಕೆಟ್ಟೂ ಬಣ್ಣದಿಂದ ಅಂಟಿಕೊಂಡು ಒಂದೇ ತುಂಡಾಗಿದ್ದವು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದಾಗ ಬಣ್ಣ ಚಕ್ಕೆಯಾಗಿ ಎದ್ದು ಬಂತು. ಕ್ಯಾಲಿಪರ್ ಜಾರಲು ಇರುವ ಗೈಡ್ ಪಿನ್ನಿನ ರಬ್ಬರ್ ಬೂಟಿನ, ಅಂದರೆ ರಬ್ಬರ್ ಮುಸುಕಿನ, ಮಡಿಕೆಗಳು ಬಣ್ಣ ಕುಡಿದು ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ಬಿರುಕು ಬಿಡುತ್ತಿದ್ದವು. ಆ ಬೂಟು ಹರಿದರೆ ನೀರು ಒಳಗಿಳಿದು ಪಿನ್ನು ತುಕ್ಕು ಹಿಡಿಯುತ್ತದೆ, ಪಿನ್ನು ಹಿಡಿದುಕೊಂಡರೆ ಕ್ಯಾಲಿಪರ್ ಜಾರುವುದು ನಿಲ್ಲುತ್ತದೆ. ಚೆಂದಕ್ಕೆಂದು ಮಾಡಿದ ಕೆಲಸ ಬ್ರೇಕನ್ನೇ ಕೆಡಿಸುವ ಬಗೆ ಇದು.

ಹಾಗಾಗಿ ಬಣ್ಣದ ಡಬ್ಬಿ ತೆರೆಯುವ ಮೊದಲು ಮುಚ್ಚಬೇಕಾದ ಜಾಗಗಳನ್ನೆಲ್ಲ ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಪಿಸ್ಟನ್ ಮತ್ತು ಅದರ ಧೂಳುಬೂಟು, ಗೈಡ್ ಪಿನ್ನುಗಳು, ಬ್ರೇಕ್ ಹೋಸ್, ಬ್ಲೀಡ್ ನಿಪ್ಪಲ್ (ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ ತಿರುಪು), ಪ್ಯಾಡು ಕೂರುವ ತೋಡು, ಡಿಸ್ಕಿನ ಉಜ್ಜುವ ಮುಖ: ಇವುಗಳ ಮೇಲೆ ಹನಿ ಬಣ್ಣವೂ ಬೀಳಬಾರದು. ಬಹಳ ಜನ ಮರೆಯುವುದು ಚಕ್ರ ಕೂರುವ ಹಬ್‌ಗೂ ಚಕ್ರಕ್ಕೂ ನಡುವಿನ ಮುಖವನ್ನು. ಅಲ್ಲಿ ದಪ್ಪ ಬಣ್ಣವಿದ್ದರೆ ನಟ್ಟಿನ ಬಿಗಿತಕ್ಕೆ ಅದು ಕ್ರಮೇಣ ಕುಗ್ಗುತ್ತದೆ, ಅದರೊಂದಿಗೆ ನಟ್ಟಿನ ಬಿಗಿತವೂ ಕಡಿಮೆಯಾಗುತ್ತದೆ. ಓಡುವ ಕಾರಿನಲ್ಲಿ ವೀಲ್ ನಟ್ ಸಡಿಲವಾಗುವುದೆಂದರೆ ಏನೆಂದು ವಿವರಿಸಬೇಕಿಲ್ಲ.

ಕೆಲಸಕ್ಕೆ ಇಳಿಯುವಾಗ ಕಾರನ್ನು ಬರೀ ಜಾಕಿನ ಮೇಲೆ ನಿಲ್ಲಿಸಬೇಡಿ. ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಅಡೆ, ಮುಂದೆ ಆಕ್ಸಲ್ ಸ್ಟ್ಯಾಂಡ್, ಇಷ್ಟೂ ಇರಲೇಬೇಕು. ಕ್ಯಾಲಿಪರನ್ನು ಬಿಚ್ಚಿದರೆ ಅದು ಹೋಸಿನಲ್ಲಿ ನೇತಾಡದಂತೆ ತಂತಿಯಿಂದ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡಿನ ಕಪ್ಪು ಪುಡಿಯನ್ನು ಬಾಯಿಯಿಂದ ಊದುವುದಾಗಲಿ, ಏರ್ ಹೊಡೆಯುವುದಾಗಲಿ ಬೇಡ. ಮಾಸ್ಕ್ ಹಾಕಿಕೊಂಡು ಒದ್ದೆ ಮಾಡಿ ತೊಳೆಯಿರಿ. ಬಳಿಕ ತಂತಿ ಬ್ರಷ್ಷಿನಿಂದ ಸಡಿಲ ತುಕ್ಕು ಹೋಗುವವರೆಗೆ ಉಜ್ಜಿ, ಸ್ಯಾಂಡ್ ಪೇಪರ್ ಎಳೆದು, ಬ್ರೇಕ್ ಕ್ಲೀನರ್‌ನಿಂದ ಜಿಡ್ಡು ತೆಗೆಯಬೇಕು. ಬೇಸರ ತರುವ ಈ ಹಂತಕ್ಕೇ ದಿನದ ಹೆಚ್ಚಿನ ಸಮಯ ಹೋಗುತ್ತದೆ, ಬಣ್ಣ ಬಳಿಯುವುದು ಅದರ ಮುಂದೆ ಏನೂ ಅಲ್ಲ. ಪ್ಯಾಡ್ ಎಷ್ಟು ಉಳಿದಿದೆ, ಪಿನ್ನು ಸಲೀಸಾಗಿ ಜಾರುತ್ತದೆಯೇ, ಬೂಟು ಹರಿದಿದೆಯೇ ಎಂಬುದೆಲ್ಲ ಕಣ್ಣಿಗೆ ಬೀಳುವುದೂ ಆಗಲೇ. ಪಿನ್ನಿಗೆ ಗ್ರೀಸ್ ಹಚ್ಚುವುದಾದರೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸನ್ನು ಹಚ್ಚಿ; ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಅಲ್ಲಿನ ರಬ್ಬರನ್ನು ಉಬ್ಬಿಸುತ್ತದೆ.

ಬಣ್ಣದ ವಿಷಯದಲ್ಲಿ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯನ್ನು ಎಂಜಿನ್ ಬ್ರೇಕ್ ಬಳಸದೆ ಇಳಿದರೆ ಡಿಸ್ಕಿನ ಬಿಸಿ 200 ಡಿಗ್ರಿ ಸೆಲ್ಸಿಯಸನ್ನು ಸುಲಭವಾಗಿ ದಾಟಬಲ್ಲದು. ಕ್ಯಾಲಿಪರ್ ಅಷ್ಟು ಬಿಸಿಯಾಗದಿದ್ದರೂ ಗೇಟು, ಕಿಟಕಿಗೆ ಬಳಿಯುವ ಎನಾಮಲ್ ಅಲ್ಲಿ ಬಣ್ಣಗೆಟ್ಟು ಉದುರುತ್ತದೆ. ಬಿಸಿಯಷ್ಟೇ ಮುಖ್ಯವಾದ ಶತ್ರು ಬ್ರೇಕ್ ಆಯಿಲ್. ಡಾಟ್ 3, ಡಾಟ್ 4 ಆಯಿಲ್‌ಗಳು ಬಣ್ಣವನ್ನು ಮೆತ್ತಗೆ ಮಾಡಿ ಎಬ್ಬಿಸುತ್ತವೆ. ಆದ್ದರಿಂದ ಬ್ಲೀಡ್ ಮಾಡುವಾಗ ಹನಿ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು. ಕ್ಯಾಲಿಪರಿಗೆಂದೇ ಮಾಡಿದ ಬಣ್ಣಗಳಲ್ಲಿ ಎರಡು ಬಗೆ. ವಿಎಚ್‌ಟಿಯಂಥ ಸ್ಪ್ರೇಗಳು 900 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 480 ಡಿಗ್ರಿ ಸೆಲ್ಸಿಯಸ್ ತಾಳುತ್ತವೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ಅವುಗಳಿಗೆ ಬಿಸಿ ಬೇಕು. ಫೋಲಿಯಾಟೆಕ್‌ನಂಥವು ಹಾರ್ಡ್‌ನರ್ ಬೆರೆಸಿ ಬ್ರಷ್ಷಿನಲ್ಲಿ ಬಳಿಯುವಂಥವು. ಮನೆಯಲ್ಲಿ ಮಾಡುವವರಿಗೆ ಬ್ರಷ್ಷೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಬಣ್ಣ ಗಾಳಿಯಲ್ಲಿ ತೇಲಿ ಬೇಡದ ಕಡೆ ಕೂರುವುದಿಲ್ಲ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದವರಿಗೆ ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಕ್ಯಾಲಿಪರ್ ಕವರುಗಳನ್ನು ಹಾಕಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಬಿಸಿ ಹೊರಹೋಗಬೇಕಾದ ಜಾಗವನ್ನು ಅವು ಮುಚ್ಚುತ್ತವೆ, ಮತ್ತು ಹೊಂಡ ತುಂಬಿದ ರಸ್ತೆಯಲ್ಲಿ ಕಳಚಿಕೊಂಡರೆ ತಿರುಗುವ ಚಕ್ರದೊಳಗೆ ಸಿಕ್ಕಿಬೀಳುತ್ತವೆ. ಅದಕ್ಕಿಂತ ತುಕ್ಕು ಹಿಡಿದ ಕ್ಯಾಲಿಪರನ್ನು ಹಾಗೇ ಬಿಡುವುದು ಎಷ್ಟೋ ಮೇಲು, ಏಕೆಂದರೆ ಮೇಲ್ಮೈ ತುಕ್ಕಿನಿಂದ ಬ್ರೇಕಿಗೆ ತೊಂದರೆಯೇನೂ ಇಲ್ಲ.

ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ, ಕಾರನ್ನು ಇಂಚಷ್ಟೂ ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಮೆಲ್ಲಗೆ ಹಲವು ಬಾರಿ ಒತ್ತಿ. ಪಿಸ್ಟನ್ನನ್ನು ಹಿಂದೆ ತಳ್ಳಿದ್ದರೆ ಮೊದಲ ಸಲ ಪೆಡಲ್ ನೆಲಕ್ಕೆ ತಾಗುತ್ತದೆ, ಬ್ರೇಕ್ ಇರುವುದಿಲ್ಲ. ನಟ್ಟುಗಳನ್ನು ಕಾರಿನ ಮ್ಯಾನ್ಯುವಲ್ಲಿನಲ್ಲಿ ಹೇಳಿದಷ್ಟೇ ಟಾರ್ಕಿಗೆ ಬಿಗಿಸಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಬ್ರೇಕ್ ಹಿಡಿದು ನೋಡಿ. ನೂರು ಕಿಲೋಮೀಟರ್ ಓಡಿದ ಬಳಿಕ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ಎರಡೂ ಚಕ್ರಗಳ ಹತ್ತಿರ ಕೈ ಹಿಡಿದು ಬಿಸಿ ಒಂದೇ ಸಮ ಇದೆಯೇ ನೋಡಿ. ಒಂದು ಬದಿ ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಚಕ್ರ ಬಿಚ್ಚಿ, ಪ್ಯಾಡಿನ ತೋಡಿನಲ್ಲಿ ಬಣ್ಣ ಉಳಿದಿದೆಯೇ, ಪಿನ್ನು ಬಿಗಿದಿದೆಯೇ ಎಂದು ನೋಡಬೇಕು.