ಮೀನು ಸಾಗಾಣಿಕೆ ಇಲಾಖೆ

ಅಮೆರಿಕದ ವಾಯುವ್ಯ ಮೂಲೇಲಿರೋ ಸ್ನೇಕ್ ನದಿಯ ಡ್ಯಾಮು, ಸಾಲ್ಮನ್ ಮೀನಿನ ಬಗ್ಗೆ ಆಗಿದ್ದ ಒಪ್ಪಂದ ರದ್ದಾಗಿದ್ದು ನಿಮಗೆ ಗೊತ್ತೇ ಇರುತ್ತೆ. 2023ರಲ್ಲಿ ಅಮೆರಿಕ ಸರ್ಕಾರ ಅಲ್ಲಿನ ಬುಡಕಟ್ಟುಗಳ ಜೊತೆ ಮಾಡ್ಕೊಂಡಿದ್ದು, 2025ರ ಜೂನಲ್ಲಿ ಅಧ್ಯಕ್ಷ ಟ್ರಂಪ್ ಹಾಕಿದ ಒಂದೇ ಸಹಿಗೆ ಹೋಯ್ತು. ಡ್ಯಾಮ್ ಒಡೀತೀವಿ ಅಂತೇನೂ ಅದರಲ್ಲಿ ಇರ್ಲಿಲ್ಲ, ಒಡೆಯೋದೇ ಆದ್ರೆ ಕರೆಂಟಿಗೆ, ಗೋಧಿ ಸಾಗಾಟಕ್ಕೆ ಬದಲಿ ಏನು ಅಂತ ಲೆಕ್ಕ ಹಾಕೋಣ ಅಂತಿತ್ತು ಅಷ್ಟೇ. ಲೆಕ್ಕ ಹಾಕೋದೂ ತೀವ್ರ ಪರಿಸರವಾದ ಅಂತೆ.

ನಂಗೆ ಮಾತ್ರ ಖುಷಿ, ಮೀನುಗಳ ಟ್ರಾವೆಲ್ಸ್ ಬಿಸಿನೆಸ್ ಉಳೀತಲ್ಲ! ಸಾಲ್ಮನ್ ಅಂದ್ರೆ ನದೀಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ವಾಪಸ್ ನದಿಗೆ ಬರೋ ಮೀನು. ಅದರ ಮರಿಗಳು ಹಿಂದೆಲ್ಲ ಹೊಳೆ ಸೆಳೆದ ಕಡೆ ಹೋಗಿ ಸುಮ್ನೆ ಸಮುದ್ರ ಸೇರ್ತಿದ್ವು, ಶಿಸ್ತಿಲ್ಲ, ವ್ಯವಸ್ಥೆ ಇಲ್ಲ. ಈಗ ಡ್ಯಾಮ್ ಹತ್ರಾನೇ ಹಿಡಿದು ಪೈಪಲ್ಲಿ ಹಾಯಿಸಿ, ಬಾರ್ಜಿಗೋ (ಸರಕು ಸಾಗಿಸೋ ಚಪ್ಪಟೆ ದೋಣಿ) ಟ್ಯಾಂಕರ್ ಲಾರಿಗೋ ತುಂಬಿ, ಸಮುದ್ರದ ದಾರೀಲಿ ಕೊನೇದಾದ ಎಂಟನೇ ಡ್ಯಾಮ್ ಬಾನ್‌ವಿಲ್ ದಾಟಿಸಿ ಕೆಳಗೆ ನೀರಿಗೆ ಸುರೀತಾರೆ. ಪಕ್ಕದಲ್ಲೇ ನದಿ ಇದೆ, ಮೀನು ಲಾರೀಲಿ ಹೋಗ್ತಿದೆ. ಇನ್ನೂ ಮಜಾ ಏನಂದ್ರೆ ಆ ಡ್ಯಾಮ್‌ಗಳನ್ನ ಕಟ್ಟಿದ್ದಕ್ಕೆ ಒಂದು ಕಾರಣವೇ ಸಮುದ್ರದಿಂದ 465 ಮೈಲಿ ಒಳಗಿರೋ ಲೂಯಿಸ್ಟನ್‌ಗೆ ಬಾರ್ಜ್ ಬರ್ಲಿ ಅನ್ನೋದು. ಬಾರ್ಜಿಗೋಸ್ಕರ ನದಿ ಕಟ್ಟಿದ್ರು, ನದಿ ಕಟ್ಟಿದ್ದಕ್ಕೆ ಮೀನೂ ಬಾರ್ಜ್ ಹತ್ತಬೇಕಾಯ್ತು.

ಈ ಚಾಣಾಕ್ಷತನ ಇವತ್ತಿನದಲ್ಲ ಬಿಡಿ. ವಾಷಿಂಗ್ಟನ್ ರಾಜ್ಯದಲ್ಲಿ 1890ರಲ್ಲೇ ಕಾನೂನಿತ್ತು, ಮೀನು ಓಡಾಡೋ ಹೊಳೆಗೆ ಡ್ಯಾಮ್ ಕಟ್ಟಿದ್ರೆ ಮೀನು ಹತ್ತೋಕೆ ದಾರಿ ಬಿಡ್ಲೇಬೇಕು ಅಂತ. ಅಲ್ಲಿನ ಎಲ್ವಾ ನದಿಗೆ ಡ್ಯಾಮ್ ಕಟ್ಟಿದೋರು ಬಿಡ್ಲಿಲ್ಲ. (1912ರಲ್ಲಿ ಕಟ್ಟುವಾಗ್ಲೇ ಬುಡ ಕಿತ್ಕೊಂಡು ನೀರು ಅಡಿಯಿಂದ ನುಗ್ಗಿ ಹೋಯ್ತು, ಬಿಟ್ಟ ದಾರಿ ಅಂದ್ರೆ ಅದೊಂದೇ.) ಕಾನೂನು ಚಾಪೆ ಕೆಳಗೆ ತೂರಿದ್ರೆ ಮೀನುಗಾರಿಕೆ ಕಮಿಷನರ್ ಸಾಹೇಬ್ರು ರಂಗೋಲಿ ಕೆಳಗೆ ತೂರಿದ್ರು: ಈ ಡ್ಯಾಮನ್ನ ಮೀನಿನ ಮೊಟ್ಟೆ ಸಂಗ್ರಹಕ್ಕೆ ಸರ್ಕಾರ ಹಾಕಿರೋ ಅಡ್ಡಗಟ್ಟೆ ಅಂತ ಅಂದ್ಕೊಳ್ಳೋಣ, ನೀವು ಪಕ್ಕದಲ್ಲೊಂದು ಹ್ಯಾಚರಿ (ಮೊಟ್ಟೆಯಿಂದ ಮೀನು ಮರಿ ಮಾಡೋ ಕೇಂದ್ರ) ಕಟ್ಬಿಡಿ ಸಾಕು. ಹ್ಯಾಚರಿ 1922ಕ್ಕೆ ಬಾಗಿಲು ಹಾಕ್ತು. ಅಡ್ಡಗಟ್ಟೆ 2011ರಲ್ಲಿ ಒಡೆಯೋಕೆ ಶುರು ಮಾಡೋವರೆಗೂ ಗಟ್ಟಿಮುಟ್ಟಾಗಿ ನಿಂತಿತ್ತು.

ಮೀನಿಗೆ ಗೌರವ ಕೊಡಲ್ಲ ಅಂತೇನೂ ಇಲ್ಲ. 1992ರಲ್ಲಿ ಐಡಹೋದ ರೆಡ್‌ಫಿಶ್ ಕೆರೆಗೆ ಸಮುದ್ರದಿಂದ ವಾಪಸ್ ಬಂದ ಸಾಕೈ ಸಾಲ್ಮನ್ ಒಂದೇ ಒಂದು. 900 ಮೈಲಿ, ಎಂಟು ಡ್ಯಾಮ್, 6,500 ಅಡಿ ಏರು, ಬಂದು ನೋಡಿದ್ರೆ ಜೊತೆಗೊಂದು ಹೆಣ್ಣಿಲ್ಲ. ಲೋನ್ಸಮ್ ಲ್ಯಾರಿ ಅಂತ ನಾಮಕರಣ ಮಾಡಿ, ವೀರ್ಯ ತೆಗೆದು ಫ್ರೀಜ್ ಮಾಡಿ, ದೇಹನ ಹಲಗೆಗೆ ಜಡಿದು ಪ್ರದರ್ಶನಕ್ಕಿಟ್ರು. ಸನ್ಮಾನ ಅಂದ್ರೆ ಹಿಂಗಿರ್ಬೇಕು.

ಬೇರೆ ದಾರಿ ಗೊತ್ತಿಲ್ದೆ ಮಾಡ್ತಿದ್ರೆ ಆ ಮಾತೇ ಬೇರೆ. ಕ್ಲಾಮತ್ ನದೀಲಿ 2002ರಲ್ಲಿ ಕನಿಷ್ಠ 34,000 ಮೀನು ಸತ್ತು ತೇಲಿದ್ವು, ಅಲ್ಲಿನ ಯುರೋಕ್, ಕಾರುಕ್ ಬುಡಕಟ್ಟಿನ ಜನ ಡ್ಯಾಮ್ ತೆಗೀರಿ ಅಂತ ಆಮೇಲೆ ಇಪ್ಪತ್ತು ವರ್ಷ ಬಡ್ಕೊಂಡ್ರು, ಕೊನೆಗೂ ನಾಲ್ಕು ಡ್ಯಾಮ್ ತೆಗೆದ್ರು. 2024ರ ಅಕ್ಟೋಬರಲ್ಲಿ ಕೆಲಸ ಮುಗೀತು, ಅದೇ ತಿಂಗಳು ಮೇಲೆ ಆರೆಗಾನಿನ ಉಪನದೀಲಿ ಚಿನೂಕ್ ಸಾಲ್ಮನ್ ಕಾಣಿಸ್ಕೊಳ್ತು, 1912ರ ನಂತರ ಮೊದಲ ಸಲ. ಲಾರಿ ಕಳಿಸಿರ್ಲಿಲ್ಲ, ದಾರಿ ಬೋರ್ಡೂ ಹಾಕಿರ್ಲಿಲ್ಲ.

ಸ್ನೇಕ್‌ಗೆ ಮಾತ್ರ ಏಣಿ ಆಯ್ತು, ಪೈಪ್ ಆಯ್ತು, ಬಾರ್ಜ್ ಆಯ್ತು, ಹ್ಯಾಚರಿ ಆಯ್ತು, ಹತ್ತೋ ಮೀನು ಎಣಿಸೋಕೆ ಗಾಜಿನ ಕಿಟಕೀನೂ ಆಯ್ತು, ನೂರಾರು ಕೋಟಿ ಡಾಲರ್ ಖರ್ಚಾಯ್ತು. 2015ರಲ್ಲಿ ಬಿಸಿಲು ಜೋರಾಗಿ, ನಿಂತ ಹಿನ್ನೀರು ಕಾದು, ಸ್ನೇಕ್ ಹೋಗಿ ಸೇರೋ ಕೊಲಂಬಿಯಾ ನದಿ ಉದ್ದಕ್ಕೂ ಸುಮಾರು ಎರಡೂವರೆ ಲಕ್ಷ ಸಾಕೈ ದಾರೀಲೇ ಸತ್ವು. ಸಾಕಾಗೋಗಿದೆ ಕಣ್ರೀ. ಮೀನಿಗೆ ಬೇಕಿರೋದು ಹರಿಯೋ ತಣ್ಣೀರು, ಅದು ಗೊತ್ತಾಗಿ ಎಷ್ಟೋ ಕಾಲ ಆಯ್ತು, ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಡ್ತಾನೇ ಇದೀರಲ್ಲ.