ಸ್ಪಷ್ಟನೆ: ಕಮಿಷನರ್ ಬದಲಾದರೂ ಫ್ರೋಜನ್ ಫೋರ್ ಪ್ರಸಾರ ಅವರ ಕೈಯಲ್ಲಿಲ್ಲ

ಅಮೆರಿಕದ ಕಾಲೇಜು ಐಸ್ ಹಾಕಿಯ ‘ಹಾಕಿ ಈಸ್ಟ್’ ಕಾನ್ಫರೆನ್ಸ್‌ಗೆ (ಕಾಲೇಜು ತಂಡಗಳ ಒಂದು ಲೀಗ್ ಗುಂಪು) ಹೊಸ ಕಮಿಷನರ್, ಅಂದರೆ ಮುಖ್ಯಸ್ಥ, ಬಂದ ಮೇಲೆ ಫ್ರೋಜನ್ ಫೋರ್‌ನ (ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಮತ್ತು ಫೈನಲ್) ಟಿವಿ ಹಕ್ಕನ್ನೂ ಅವರೇ ಮಾರುತ್ತಾರೆ ಎಂಬ ಮಾತು ಹರಿದಾಡುತ್ತಿದೆ. ಅರ್ಧ ಮಾತ್ರ ನಿಜ. 1997ರಿಂದ ಹುದ್ದೆಯಲ್ಲಿದ್ದ ಜೋ ಬರ್ಟಾನ್ಯಾ 2020ರಲ್ಲಿ ಇಳಿದರು, ಸ್ಟೀವ್ ಮೆಟ್ಕಾಫ್ ಬಂದರು. ಅಷ್ಟು ಸರಿ.

ಗೊಂದಲ ಹುಟ್ಟುವುದು ಮಾರ್ಚ್‌ನಲ್ಲಿ. ಲೀಗ್ ಪಂದ್ಯಗಳು, ಬಾಸ್ಟನ್‌ನ ಟಿಡಿ ಗಾರ್ಡನ್‌ನಲ್ಲಿ ಮುಗಿಯುವ ಕಾನ್ಫರೆನ್ಸ್ ಟೂರ್ನಿ, ಇವು ಕಾನ್ಫರೆನ್ಸ್ ಕಚೇರಿಯ ಸರಕು. ಪ್ರಾದೇಶಿಕ ಕ್ರೀಡಾ ಚಾನೆಲ್ ನೆಸನ್, ಸ್ಟ್ರೀಮಿಂಗ್ ಸೇವೆ ಇಎಸ್‌ಪಿಎನ್ ಪ್ಲಸ್ ಜತೆಗಿನ ಒಪ್ಪಂದಗಳೂ ಅದರವೇ. ಅದಾದ ಮರುವಾರವೇ 16 ತಂಡಗಳ ರಾಷ್ಟ್ರೀಯ ಟೂರ್ನಿ ಶುರುವಾಗುತ್ತದೆ. ಅದೇ ತಂಡಗಳಲ್ಲಿ ಕೆಲವು ಇಲ್ಲೂ ಆಡುತ್ತವೆ, ಚಾನೆಲ್‌ನ ಹೆಸರೂ ಹೆಚ್ಚುಕಡಿಮೆ ಅದೇ. ಆದರೆ ಮಾಲೀಕ ಬೇರೆ. ಈ ಹಕ್ಕು ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯದು. ಇಎಸ್‌ಪಿಎನ್ ಜತೆ ಅದು 2024ರ ಜನವರಿಯಲ್ಲಿ ಪ್ರಕಟಿಸಿದ 8 ವರ್ಷಗಳ ಒಪ್ಪಂದದಲ್ಲಿ ಹಾಕಿಯೂ ಸೇರಿ 40 ಚಾಂಪಿಯನ್‌ಷಿಪ್‌ಗಳಿವೆ.

ಇನ್ನು, ಕಮಿಷನರ್ ಬದಲಾದ ಕೂಡಲೇ ಹಳೆಯ ಪ್ರಸಾರ ಒಪ್ಪಂದ ಬಿದ್ದುಹೋಗುವುದಿಲ್ಲ. ಸಹಿ ವ್ಯಕ್ತಿಯದಲ್ಲ, ಸಂಸ್ಥೆಯದು. ಅವಧಿ ಮುಗಿದಾಗಷ್ಟೇ ಹೊಸಬರ ಚೌಕಾಸಿ.