ಪುಕ್ಕಟೆ ಆ್ಯಪಲ್ ಪೈ

ಮೊನ್ನೆ ರಾತ್ರಿ ನಿದ್ದೆ ಬರದೆ ‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ಮೊದಲ ಸೀಸನ್ನಿನ 11ನೇ ಕಂತನ್ನು ಮತ್ತೆ ನೋಡಿದೆ. ‘ಸ್ಕೇರ್‌ಕ್ರೋ’, ಅಂದರೆ ಬೆದರುಬೊಂಬೆ. 2006ರ ಜನವರಿಯಲ್ಲಿ ಬಂದದ್ದು. ಮೊದಲ ಸಲ ನೋಡಿದಾಗ ಬೊಂಬೆ ಕಂಬದಿಂದ ಇಳಿದು ನಡೆಯುವುದಕ್ಕೇ ಬೆವರಿದ್ದೆ. ಈ ಸಲ ಬೊಂಬೆ ಬಂದಾಗ ಆರಾಮಾಗಿ ಚಕ್ಕುಲಿ ತಿನ್ನುತ್ತಿದ್ದೆ. ಹೆದರಿಸಿದ್ದು ಊರಿನವರು.

ಕತೆ ನಡೆಯುವುದು ಅಮೆರಿಕದ ಇಂಡಿಯಾನಾದ ಬರ್ಕಿಟ್ಸ್‌ವಿಲ್ ಎಂಬ ಪುಟ್ಟ ಊರಲ್ಲಿ. ಸೇಬಿನ ತೋಟ, ಒಂದು ಹೋಟೆಲು, ಒಂದು ಪೆಟ್ರೋಲ್ ಬಂಕು. ಪ್ರತಿ ವರ್ಷ ಏಪ್ರಿಲ್ ಎರಡನೇ ವಾರ ಆ ದಾರಿಯಲ್ಲಿ ಬಂದ ಜೋಡಿ ಮಾಯವಾಗುತ್ತದೆ. ಅದಕ್ಕೆ ಮುಂಚೆ ಊರಿನವರು ನಗುನಗುತ್ತಾ ಸೇಬು ತುಂಬಿದ ಪೈ ತಿನ್ನಿಸುತ್ತಾರೆ. ದುಡ್ಡು ಬೇಡ ಅನ್ನುತ್ತಾರೆ. ಥೇಟ್ ಹಬ್ಬಕ್ಕೆ ತಂದ ಹರಕೆಯ ಕುರಿ. ಆಮೇಲೆ ಗಾಡಿ ಸರಿಯಾಗಿ ತೋಟದ ಹತ್ತಿರವೇ ಕೈಕೊಡುತ್ತದೆ.

ತೋಟದ ಬೊಂಬೆ ಒಂದು ದೇವರು. ಸ್ಕ್ಯಾಂಡಿನೇವಿಯಾದಿಂದ ವಲಸೆ ಬಂದವರು ಜೊತೆಗೇ ತಂದದ್ದು. ಅದರ ಜೀವ ಇರುವುದು ಹಳೆಯದೊಂದು ಮರದಲ್ಲಿ. ವರ್ಷಕ್ಕೊಂದು ಗಂಡು, ಒಂದು ಹೆಣ್ಣು ಕೊಟ್ಟರೆ ಫಸಲು ಚೆನ್ನ. ಎರಡು ಊರು ದಾಟಿದರೆ ಜನ ಹೊಲ, ಮನೆ, ಕೆಲಸ ಕಳೆದುಕೊಳ್ಳುತ್ತಿದ್ದಾರೆ. ಇಲ್ಲಿ ಮಾತ್ರ ಸುಭಿಕ್ಷ.

ಕತೆ ಬರೆದವರು ಒಂದು ಕಡೆ ಎಡವಿದ್ದಾರೆ. ದೇವರನ್ನು ‘ಒಬ್ಬ ವಾನಿರ್’ ಅನ್ನುತ್ತಾರೆ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಪುರಾಣದಲ್ಲಿ ವಾನಿರ್ ಅನ್ನುವುದು ಒಂದು ಇಡೀ ಕುಲದ ಹೆಸರು. ನ್ಯೋರ್ಡ್, ಫ್ರೇಯರ್, ಫ್ರೇಯಾ ಎಲ್ಲ ಆ ಕುಲದವರು. ಬೆಳೆ, ಸಂಪತ್ತು, ನೆಮ್ಮದಿ ಅವರ ಖಾತೆ. ಅವರಿಗೆ ಗುರುತಿನ ಹೆಸರೂ ಕೊಡದೆ ಬೊಂಬೆಯಾಗಿಸಿದ್ದು ಅನ್ಯಾಯ. ಆದರೆ ಬಲಿಯ ಮಾತು ಪೂರ್ತಿ ಕಟ್ಟುಕತೆಯೂ ಅಲ್ಲ. ನೆರ್ಥಸ್ ಎಂಬ ಭೂದೇವಿಯ ಬಗ್ಗೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ 1ನೇ ಶತಮಾನದ ಕೊನೆಯಲ್ಲಿ ಬರೆದಿದ್ದಾನೆ. ಆ ಹೆಸರಿಗೂ ನ್ಯೋರ್ಡ್ ಹೆಸರಿಗೂ ಬೇರು ಒಂದೇ. ಹಸುಗಳು ಎಳೆಯುವ ಬಂಡಿಯಲ್ಲಿ ದೇವಿಯ ಮೆರವಣಿಗೆ. ಕೊನೆಗೆ ಕೆರೆಯಲ್ಲಿ ಸ್ನಾನ. ಸ್ನಾನ ಮಾಡಿಸಿದ ಗುಲಾಮರನ್ನು ಅದೇ ಕೆರೆಯಲ್ಲಿ ಮುಳುಗಿಸುತ್ತಿದ್ದರಂತೆ.

ಗುಲಾಮರನ್ನು, ನೋಡಿ. ಊರ ಹಿರಿಯರನ್ನಲ್ಲ.

ಈ ಕಂತು ನನಗೆ ಹಿಡಿಸಿದ್ದು ಅಲ್ಲೇ. ಧಾರಾವಾಹಿಯ ನಾಯಕರು ಭೂತಬೇಟೆಯ ಅಣ್ಣತಮ್ಮಂದಿರು, ಡೀನ್ ಮತ್ತು ಸ್ಯಾಮ್. ಅಣ್ಣ ಡೀನ್ ಬಂದು ಆ ವರ್ಷದ ಜೋಡಿಯನ್ನು ತಪ್ಪಿಸಿಬಿಡುತ್ತಾನೆ. ಈಗ ಗಂಡಿನ ಜಾಗಕ್ಕೆ ಡೀನ್ ಇದ್ದಾನೆ, ಹೆಣ್ಣು ಬೇಕಲ್ಲ? ಆಗ ಆಯ್ಕೆಯಾಗುವವಳು ಎಮಿಲಿ. ಅಪ್ಪ ಅಮ್ಮ ಅಪಘಾತದಲ್ಲಿ ಸತ್ತ ಮೇಲೆ ಚಿಕ್ಕಮ್ಮ ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಹುಡುಗಿ. ಇವತ್ತು ಮಧ್ಯಾಹ್ನದವರೆಗೂ ಅವಳು ‘ನಮ್ಮವಳು’. ಸಂಜೆಗೆ ಹೊರಗಿನವಳು. ಚಿಕ್ಕಮ್ಮ ಅಳುತ್ತಾಳೆ ನಿಜ, ಎಲ್ಲರ ಒಳ್ಳೆಯದಕ್ಕೆ ಅಂತ ಸಮಾಧಾನವನ್ನೂ ಹೇಳುತ್ತಾಳೆ. ಆ ‘ಎಲ್ಲರೂ’ ಯಾರು ಅಂತ ಮಾತ್ರ ಹೇಳುವುದಿಲ್ಲ. ಕೆರೆಗೆ ನೀರು ಬರಲಿ ಅಂತ ಸೊಸೆಯನ್ನು ಕೊಟ್ಟ ನಮ್ಮ ಹಾಡಿನ ಗೌಡ ನೆನಪಾದ. ಅಲ್ಲೂ ಹೊರಗಿನಿಂದ ಬಂದವಳೇ, ಅದರಲ್ಲೂ ಕಿರಿಯವಳು. ಗೌಡ ತಾನೇ ಹಾರಬಹುದಿತ್ತು, ಅಲ್ವಾ?

ಇನ್ನೊಂದು ಎಳೆಯೂ ಇದೆ. ಅಣ್ಣತಮ್ಮಂದಿರ ಅಪ್ಪ ಫೋನ್ ಮಾಡಿ ಈ ಊರಲ್ಲಿ ಕಾಣೆಯಾದವರ ಹೆಸರು ಕೊಟ್ಟು, ನನ್ನನ್ನು ಹುಡುಕಬೇಡಿ ಅಂದಾಗ ಡೀನ್ ಎದುರಾಡದೆ ಹೊರಡುತ್ತಾನೆ. ಸ್ಯಾಮ್ ಜಗಳವಾಡಿ ನಡುರಾತ್ರಿ ರಸ್ತೆಯಲ್ಲೇ ಇಳಿದುಬಿಡುತ್ತಾನೆ. ಹಿರಿಯರು ಹೇಳಿದರು, ಮಾಡಿದೆವು ಅನ್ನುವ ಊರಿಗೆ, ಅಪ್ಪ ಹೇಳಿದರು ಅಂತ ಹೊರಟವನೇ ಹೋಗಿ ಸಿಕ್ಕಿಬೀಳುತ್ತಾನೆ. ಕಾಪಾಡಲು ಬರುವವನು ಮಾತು ಕೇಳದ ತಮ್ಮ. ಯಾರೂ ಬಾಯಿಬಿಟ್ಟು ಇದನ್ನು ಹೇಳುವುದಿಲ್ಲ, ಅದೇ ಚೆಂದ. (ಸ್ಯಾಮ್‌ಗೆ ದಾರಿಯಲ್ಲಿ ಸಿಗುವ ಮೆಗ್ ಎಂಬ ಹುಡುಗಿಯ ಕತೆ ಸುಮ್ನೆ ಮುಂದಿನ ಕಂತುಗಳಿಗೆ ಹಾಕಿದ ಗಾಳ. ಇಲ್ಲಿ ಜಾಸ್ತಿಯಾಯಿತು.)

ಕೊನೆಗೆ ಬೊಂಬೆ ಎಳೆದುಕೊಂಡು ಹೋಗುವುದು ಚಿಕ್ಕಮ್ಮ ಚಿಕ್ಕಪ್ಪನನ್ನೇ. ದೇವರಿಗೆ ಊರಿನವರು, ಪರ ಊರಿನವರು ಅನ್ನುವ ಲೆಕ್ಕ ಇರಲಿಲ್ಲ. ಆ ಲೆಕ್ಕ ಇಟ್ಟವರು ಇವರು.

ಒಂದೇ ತಕರಾರು. ಮರ ಸುಟ್ಟ ಮೇಲೆ ಎಮಿಲಿ ಬಾಸ್ಟನ್ ಬಸ್ಸು ಹತ್ತುತ್ತಾಳೆ. ಉಳಿದವರಿಗೆ ಶಿಕ್ಷೆ ಏನು ಅಂದರೆ, ಊರಿಗೆ ಮುಂದೆ ಆಗುವುದೇ ಶಿಕ್ಷೆ ಅನ್ನುತ್ತಾನೆ ಡೀನ್. ನನಗೆ ಸಾಲಲಿಲ್ಲ. ಮರುದಿನ ಬೆಳಿಗ್ಗೆ ಆ ಹೋಟೆಲಿನ ಬಾಗಿಲು ತೆಗೆದವರು ಯಾರು, ಒಬ್ಬರ ಮುಖ ಒಬ್ಬರು ಹೇಗೆ ನೋಡಿದರು, ಅದನ್ನೊಂದು ಐದು ನಿಮಿಷ ತೋರಿಸಬೇಕಿತ್ತು.